ಬೆಲ್ಕೂರಿನ ಪಡ್ಡಾಯಿ

ಮೊನ್ನೆ ಚಪ್ಪಲಿ ಸ್ಟ್ಯಾಂಡು ಒರೆಸುವ ಹುಮ್ಮಸ್ಸು ಬಂದದ್ದು ನನಗಲ್ಲ, ಸುಮತಿಗೆ. ನನಗೆ ಈಚೆಗೆ ಹುಮ್ಮಸ್ಸು ಬರುವುದೇ ಕಡಿಮೆ. ಬಂದರೂ ಬಾಗಿಲ ತನಕ ಬಂದು, ನಾನು ಏಳುವುದರೊಳಗೆ ವಾಪಸು ಹೋಗಿರುತ್ತದೆ. ಸುಮತಿ ವಾರಕ್ಕೆರಡು ಸಲ ಕಾಪುವಿನಿಂದ ಬಸ್ಸು ಹತ್ತಿ ಉಡುಪಿ ಅಂಬಲಪಾಡಿಯ ಈ ಮನೆಗೆ ಬಂದು ಗುಡಿಸಿ, ಒರೆಸಿ, ನನ್ನ ಮಂಡಿನೋವಿನ ವಿಚಾರಣೆ ಮಾಡಿ ಹೋಗುವವಳು. ಅವಳು ಸ್ಟ್ಯಾಂಡಿನ ಕೆಳಗಿನ ಹಲಗೆಯಿಂದ ಒಂದು ಜೊತೆ ಕ್ಯಾನ್ವಾಸ್ ಶೂ ಎಳೆದು ತೆಗೆದು, ಅಡಿ ಮೇಲೆ ಮಾಡಿ, ಮೆಟ್ಟಿಲಿಗೆ ಬಡಿದಳು. ಕೆಂಪು ಮಣ್ಣು ಉದುರಿತು.

"ಟೀಚರೇ, ಇದು ಎಲ್ಲಿಯ ಮಣ್ಣು? ನೀವು ಗುಡ್ಡೆಗೆಲ್ಲ ಹೋಗುವುದೇ ಇಲ್ಲ ಅಲ್ವಾ?"

ಬೆಲ್ಕೂರಿನದ್ದು ಎಂದೆ.

"ಬೆಲ್ಕೂರು ಅಂದರೆ ಬೆಳ್ಮಣ್ ಹತ್ತಿರವಾ?"

ನನಗೆ ರೇಗಿತು. ಅಲ್ಲ ಮಾರಾಯ್ತಿ, ಅದು ಫ್ರಾನ್ಸಿನಲ್ಲಿ ಉಂಟು, ಲಿಯಾನ್ ಅಂತ ಒಂದು ಪಟ್ಟಣ, ಅದರ ನಡುವಿನ ಚೌಕದ ಹೆಸರು ಬೆಲ್ಕೂರ್, ವಿಮಾನದಲ್ಲಿ ಹೋಗಬೇಕು ಎಂದೆಲ್ಲ ಪಾಠದ ಧ್ವನಿಯಲ್ಲಿ ಹೇಳಿ ಮುಗಿಸುವಾಗ ನನಗೇ ಉಸಿರು ಕಟ್ಟಿತ್ತು. ಸುಮತಿ ಪೂರ್ತಿ ಕೇಳಿ, ಶೂ ಬಿಸಾಡುವುದಾ ಇಡುವುದಾ ಎಂದು ಕೇಳಿದಳು. ಸದ್ಯಕ್ಕೆ ಅಲ್ಲೇ ಮೆಟ್ಟಿಲ ಮೇಲಿರಲಿ ಎಂದೆ. ಅವಳು ಅಡುಗೆ ಕೋಣೆ ಒರೆಸಲು ಹೋದಳು, ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಅವಳದೇನೂ ತಪ್ಪಿಲ್ಲ. ಕುಕ್ಕುಂದೂರು, ಪೆರ್ಡೂರು, ಬೆಲ್ಕೂರು ಎಂದು ಯಾವ ಬಸ್ಸಿನ ಕಂಡಕ್ಟರೂ ಒಂದೇ ಉಸಿರಿನಲ್ಲಿ ಕೂಗಬಹುದಾದ ಹೆಸರು ಅದು. ಮೊದಲ ಸಲ ಕೇಳಿದಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಮೂವತ್ತೈದು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಗೋಡೆಯ ಮೇಲಿನ ಭೂಪಟದಲ್ಲಿ ಫ್ರಾನ್ಸಿನ ಮೇಲೆ ಕೋಲು ಇಟ್ಟೂ ಇಟ್ಟೂ ಅಲ್ಲಿ ಒಂದು ತೂತೇ ಆಗಿತ್ತು. ದ್ರಾಕ್ಷಿ, ದ್ರಾಕ್ಷಾರಸ, ರೇಷ್ಮೆ ಎಂದು ಮಕ್ಕಳಿಂದ ಹೇಳಿಸುತ್ತಿದ್ದೆ. ಆ ತೂತಿನೊಳಗೆ ನಾನೇ ಒಂದು ದಿನ ಹೋಗಿ ಬೀಳುತ್ತೇನೆಂದು ಯಾರು ಅಂದುಕೊಂಡಿದ್ದರು?

ಹೋದದ್ದು ಶ್ವೇತಾಳಿಂದಾಗಿ. ಶ್ವೇತಾ ನನ್ನ ತಂಗಿಯ ಮಗಳು, ಮಣಿಪಾಲದಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ. ಅವಳನ್ನು ಮೂರು ತಿಂಗಳ ತರಬೇತಿಗೆಂದು ಲಿಯಾನಿಗೆ ಕಳಿಸಿದ್ದರು. ದೊಡ್ಡಮ್ಮ, ನೀನು ಜನ್ಮವಿಡೀ ಮಕ್ಕಳಿಗೆ ತೋರಿಸಿದ್ದನ್ನು ಒಮ್ಮೆ ಕಣ್ಣಲ್ಲಿ ನೋಡು, ಮೂರು ವಾರ ಬಾ ಎಂದು ಹಟ ಹಿಡಿದಳು. ನನಗೆ ಮಣಿಪಾಲದ ಗುಡ್ಡೆ ಹತ್ತುವುದೇ ಆಯಾಸ, ಫ್ರಾನ್ಸಿಗೆ ಎಂತ ಹೋಗುವುದು ಎಂದೆ. ಮತ್ತೆ ಎರಡು ದಿನ ಬಿಟ್ಟು, ಬರುತ್ತೇನೆ ಎಂದೆ. ಆ ಎರಡು ದಿನಗಳಲ್ಲಿ ನನಗೆ ನೆನಪಾದದ್ದು ದ್ರಾಕ್ಷಿಯೂ ಅಲ್ಲ, ರೇಷ್ಮೆಯೂ ಅಲ್ಲ. ಲಿಲ್ಲಿ ಅದೇ ಊರಿನಲ್ಲಿದ್ದಾಳೆ ಎಂಬುದು.

ಲಿಲ್ಲಿಯ ಬಗ್ಗೆ ಹೇಳಬೇಕಾದರೆ ಮೊದಲು ಕುಕ್ಕುಂದೂರಿನ ಪದವಿನ ಬಗ್ಗೆ ಹೇಳಬೇಕು. ಪದವು ಎಂದರೆ ಮುರಕಲ್ಲಿನ ಬಟ್ಟಬಯಲು. ಮರವಿಲ್ಲ, ನೆರಳಿಲ್ಲ, ಕೆಂಪು ನೆಲ ಮಾತ್ರ. ಬೇಸಿಗೆಯಲ್ಲಿ ಬರಿಗಾಲಿಟ್ಟರೆ ಕುಣಿಸುತ್ತದೆ. ಮಳೆಗಾಲದಲ್ಲಿ ಕಲ್ಲಿನ ಗುಳಿಗಳಲ್ಲಿ ನೀರು ನಿಂತು, ಅದರ ಅಂಚಿಗೆ ಸಾಸಿವೆಯಷ್ಟು ಸಣ್ಣ ನೀಲಿ ಹೂಗಳು ಬರುತ್ತವೆ. ಪದವಿನ ಪಡುವಣ ತುದಿಯಲ್ಲಿ ನಮ್ಮ ಮನೆ, ಮೂಡಣ ತುದಿಯಲ್ಲಿ ಲಿಲ್ಲಿಯ ಮನೆ. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನರು, ನಾವು ತುಳುವಿನವರು. ಲಿಲ್ಲಿ ನನ್ನ ಹತ್ತಿರ ಮಾತ್ರ ತುಳು. ತುಳುವಿನಲ್ಲಿ ಪೂರ್ವಕ್ಕೆ ಮೂಡಾಯಿ, ಪಶ್ಚಿಮಕ್ಕೆ ಪಡ್ಡಾಯಿ. ಹಾಗಾಗಿ ಊರಿಗೆಲ್ಲ ನಾನು ಪಡ್ಡಾಯಿ ಮನೆಯವಳು, ಅವಳು ಮೂಡಾಯಿ ಮನೆಯವಳು. ನಡುವೆ ಒಂದು ದೊಡ್ಡ ಬಂಡೆ ಇತ್ತು. ಶಾಲೆಗೆ ಹೋಗುವಾಗ ಯಾರು ಮೊದಲು ಬಂಡೆ ಮುಟ್ಟಿದರೋ ಅವರು ಕಾಯಬೇಕು. ಮುಕ್ಕಾಲು ಪಾಲು ಕಾದವಳು ಅವಳೇ.

ನಮ್ಮ ಕಡೆಯವರ ಈ ದಿಕ್ಕಿನ ಹುಚ್ಚು ನಿಮಗೆ ಗೊತ್ತಿರಬಹುದು. ಎಡ ಬಲ ನಮಗೆ ಬೇಡ. ಮೂಡುಬಿದಿರೆ, ಪಡುಬಿದ್ರಿ ಎಂದು ಊರಿಗೇ ದಿಕ್ಕು ಕಟ್ಟಿದ ಜನ. ಊಟದ ಪಂಕ್ತಿಯಲ್ಲಿ ಪಡ್ಡಾಯಿ ಬದಿಗೆ ಸಾರು ಬರಲಿಲ್ಲ ಎನ್ನುತ್ತೇವೆ. ನನ್ನಮ್ಮ ಒಮ್ಮೆ ಉಡುಪಿಯ ಹಲ್ಲಿನ ಡಾಕ್ಟರ ಹತ್ತಿರ ಮೂಡು ಬದಿಯ ಹಲ್ಲು ನೋಯುತ್ತದೆ ಎಂದಳು. ಡಾಕ್ಟರು ಬೆಳಕು ಬೀಳಲಿ ಎಂದು ಕುರ್ಚಿ ತಿರುಗಿಸಿದರು. ಅಮ್ಮ ಆ ಮೇಲೂ ಮೂಡು ಬದಿಯನ್ನೇ ತೋರಿಸಿದಳು. ಹೇಗೋ ಸರಿಯಾದ ಹಲ್ಲೇ ಬಂತು. ಇದರಲ್ಲಿ ಕಷ್ಟವೇನೂ ಇಲ್ಲ. ಗುಡ್ಡ ಇರುವುದು ಮೂಡಾಯಿ, ನೀರು ಇರುವುದು ಪಡ್ಡಾಯಿ. ಘಟ್ಟದ ಹಿಂದಿನಿಂದ ಸೂರ್ಯ ಬರುತ್ತಾನೆ, ಕಡಲಿಗೆ ಹೋಗುತ್ತಾನೆ. ಉಡುಪಿಯವರು ಮಣಿಪಾಲಕ್ಕೆ ಹತ್ತುತ್ತಾರೆ, ಮಣಿಪಾಲದವರು ಉಡುಪಿಗೆ ಇಳಿಯುತ್ತಾರೆ. ಪ್ರತಿವರ್ಷ ನಾನು ಆರನೇ ಕ್ಲಾಸಿನವರನ್ನು ಕಾಪುವಿನ ಲೈಟ್‌ಹೌಸಿಗೆ ಕರೆದುಕೊಂಡು ಹೋಗಿ, ಕಡಲಿಗೆ ಮುಖ ಮಾಡಿ ನಿಲ್ಲಿಸಿ, ಇದು ಪಶ್ಚಿಮ, ಸಾಯುವವರೆಗೆ ಮರೆಯಬೇಡಿ ಎನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಲಿಲ್ಲಿ ಮತ್ತು ನಾನು ಇಬ್ಬರೂ ಟೀಚರಾಗುವುದೆಂದು ನಿಶ್ಚಯವಾಗಿತ್ತು. ಒಟ್ಟಿಗೆ ಅರ್ಜಿ ತರಿಸಿದ್ದೆವು, ಒಂದೇ ಶಾಯಿಯಲ್ಲಿ ತುಂಬಿಸಿದ್ದೆವು. ಕಳಿಸುವ ಹಿಂದಿನ ದಿನ ಅವಳು ಬಂಡೆಯ ಹತ್ತಿರ ಬಂದು, ತಾನು ಕಾನ್ವೆಂಟಿಗೆ ಸೇರುತ್ತೇನೆ, ಸಿಸ್ಟರ್ ಆಗುತ್ತೇನೆ ಎಂದಳು. ದೇವರು ಕರೆದದ್ದಂತೆ. ನನ್ನನ್ನು ಯಾರು ಕರೆಯುವುದು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಹೊರಡುವ ದಿನ ಕಾರ್ಕಳದ ಬಸ್ ಸ್ಟ್ಯಾಂಡಿಗೆ ಬಾ, ನೀನು ಬಂದ ಮೇಲೆಯೇ ಬಸ್ಸು ಹತ್ತುವುದು ಎಂದಳು. ಬರುತ್ತೇನೆ ಎಂದೆ. ಆ ದಿನ ನಾನು ಹೋಗಲಿಲ್ಲ. ಜ್ವರವಿರಲಿಲ್ಲ, ಮಳೆಯಿರಲಿಲ್ಲ, ಮನೆಯಲ್ಲಿ ಕೆಲಸವೂ ಇರಲಿಲ್ಲ. ಸಿಟ್ಟಿತ್ತು, ಅಷ್ಟೇ. ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದೆ. ಪದವಿನ ಅಂಚಿನ ಜೋಡುರಸ್ತೆಯಲ್ಲಿ, ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನ ಹಾರ್ನು ಕೇಳಿಸಿತು, ನಾನು ತಿರುಗಿ ನೋಡಲಿಲ್ಲ.

ಎರಡು ತಿಂಗಳ ಮೇಲೆ ಅವಳ ಕಾಗದ ಬಂತು. ಎರಡು ಬಸ್ಸು ಬಿಟ್ಟು ಕಾದೆ, ನಿನಗೆ ಹುಷಾರಿಲ್ಲವಾ ಎಂದು ಕೇಳಿದ್ದಳು. ನಾನು ಸುಳ್ಳು ಬರೆದೆ. ಕಾರ್ಕಳಕ್ಕೆ ಬರಲು ತಡವಾಯಿತು, ಜೋಡುರಸ್ತೆಯಲ್ಲೇ ನಿಂತು ಕೈ ಅಡ್ಡ ಹಿಡಿದೆ, ಬಸ್ಸು ನಿಲ್ಲಿಸದೆ ಹೋಯಿತು ಎಂದು. ಪರವಾಗಿಲ್ಲ ಎಂದು ಉತ್ತರ ಬಂತು. ಆ ಮೇಲೆ ಅವಳು ಫ್ರಾನ್ಸಿಗೆ ಹೋದಳು, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ. ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತಿತ್ತು. ಊರಿಗೆ ಬಂದದ್ದು ಎರಡೇ ಸಲ, ಎರಡೂ ಸಲ ಸಾವಿನ ಮನೆಗೆ. ಅಂಥ ಕಡೆ ಐವತ್ತು ಜನರ ನಡುವೆ ನನ್ನ ಬಸ್ಸಿನ ಕತೆ ತೆಗೆಯುವುದು ಹೇಗೆ? ಸುಳ್ಳು ಅಲ್ಲೇ ಉಳಿಯಿತು. ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲದ್ದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ವಯಸ್ಸಾದ ಹಾಗೆ ದೊಡ್ಡ ತಪ್ಪುಗಳೆಲ್ಲ ಮರೆತುಹೋಗಿ ಇಂಥದ್ದೇ ಎದುರಿಗೆ ಬಂದು ಕೂರುತ್ತದೆ. ಲಿಯಾನಿಗೆ ನಾನು ಹೋದದ್ದು ಒಂದೇ ಒಂದು ಮಾತು ಹೇಳಲಿಕ್ಕೆ: ಅವತ್ತು ನಾನು ಬರಲೇ ಇಲ್ಲ.

ಶ್ವೇತಾ ಮೊದಲ ವಾರವೇ ನನ್ನನ್ನು ಬೆಲ್ಕೂರಿಗೆ ಕರೆದುಕೊಂಡು ಹೋದಳು. ಚಾರಿತ್ರಿಕ ಚೌಕ ಎಂದು ದಾರಿಯುದ್ದಕ್ಕೂ ಹೊಗಳಿದ್ದಳು. ನೋಡಿದರೆ ಪದವು! ಕಾರಂಜಿಯಿಲ್ಲ, ಹೂವಿನ ಗಿಡವಿಲ್ಲ. ಒಂದು ಬದಿಗೆ ಕೆಲವು ಮರಗಳು, ಉಳಿದಂತೆ ಈ ತುದಿಯಿಂದ ಆ ತುದಿಗೆ ಕೆಂಪು ಜಲ್ಲಿಮಣ್ಣು. ದನಗಳಿದ್ದರೆ ಕುಕ್ಕುಂದೂರೇ. ನಡುವೆ ನಮ್ಮ ಬಂಡೆಯ ಜಾಗದಲ್ಲಿ ಕುದುರೆಯ ಮೇಲೆ ಕೂತ ಒಬ್ಬ ರಾಜ. ಕಾರ್ಕಳದ ಗೊಮ್ಮಟನನ್ನು ನೋಡಿ ಬೆಳೆದವರಿಗೆ ಯಾವ ಮೂರ್ತಿಯೂ ದೊಡ್ಡದೆನಿಸುವುದಿಲ್ಲ, ಆದರೂ ನೋಡಿದೆ. ರಾಜನಿಗೆ ಕಾಲೂರುವ ರಿಕಾಪು ಇಲ್ಲ, ಕಾಲು ಸುಮ್ಮನೆ ಜೋಲುತ್ತಿದೆ. ಶಿಲ್ಪಿ ಮರೆತದ್ದಂತೆ. ಅದು ಸುಳ್ಳಂತೆ, ಬೇಕೆಂದೇ ಬಿಟ್ಟದ್ದಂತೆ, ಆದರೂ ಊರವರು ಆ ಕತೆ ಹೇಳುವುದನ್ನು ಬಿಟ್ಟಿಲ್ಲವಂತೆ. ಮೊದಲಿದ್ದ ಕುದುರೆಯನ್ನು ಕ್ರಾಂತಿಯ ಕಾಲದಲ್ಲಿ ಕರಗಿಸಿದ್ದರಂತೆ. ಚೌಕದ ಮೂಡು ಪಡು ತುದಿಯ ಮನೆಗಳನ್ನೂ ಆಗ ಕೆಡವಿ, ಆ ಮೇಲೆ ಬಂದ ದೊರೆ ಎರಡೂ ಕಡೆ ಒಂದೇ ನಮೂನೆಯ ಮನೆಸಾಲು ಕಟ್ಟಿಸಿದನಂತೆ. ಕಿಟಕಿಗೆ ಕಿಟಕಿ, ಕಂಬಕ್ಕೆ ಕಂಬ. ಈ ಎರಡು ಒಂದೇ ನಮೂನೆಯ ಸಾಲುಗಳನ್ನು ದಯವಿಟ್ಟು ನೆನಪಿಡಿ.

ಲಿಲ್ಲಿಗೆ ಫೋನು ಮಾಡಿದ್ದು ಮೂರನೆಯ ವಾರ. ಕಾನ್ವೆಂಟಿನ ಫೋನಿಗೆ ಬಂದು ಅವಳು ತುಳುವಿನಲ್ಲೇ ಮಾತು ತೆಗೆದಳು. ಅವಳ ತುಳು ಐವತ್ತು ವರ್ಷ ಹಿಂದಿನದ್ದು, ಒಂದು ಶಬ್ದವೂ ಸವೆದಿರಲಿಲ್ಲ. ಅವಳಿಗೂ ಈಗ ಆಗುವುದಿಲ್ಲವಂತೆ, ಬೇಗ ಸುಸ್ತಾಗುತ್ತದಂತೆ. ವಯಸ್ಸಾದ ಸಿಸ್ಟರುಗಳನ್ನು ಇಡುವ ಮನೆ ದೂರದ ಬೆಟ್ಟದ ಊರಿನಲ್ಲಿ ಉಂಟು, ಗುರುವಾರ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಬೆಲ್ಕೂರಿಗೆ ಬಾ ಎಂದಳು. ಎಲ್ಲಿ ನಿಲ್ಲಲಿ ಎಂದೆ. ಸ್ವಲ್ಪ ತಡೆದು, ಪಡ್ಡಾಯಿ ತುದಿಯಲ್ಲಿ ಮನೆಸಾಲಿನ ಎದುರು ಬೆಂಚು ಉಂಟು, ಅಲ್ಲಿ ನಿಲ್ಲು ಎಂದಳು. ಗುರುವಾರ ನನ್ನ ವಿಮಾನವೂ ಇತ್ತು.

ಬುಧವಾರ ಶ್ವೇತಾಳಿಗೆ ರಜೆ ಇರಲಿಲ್ಲ. ಬೆಳಿಗ್ಗೆಯೇ ನನ್ನನ್ನು ಚೌಕದ ಹತ್ತಿರ ಬಿಟ್ಟು, ಸಂಜೆ ಬಂದು ಕುದುರೆಯ ಹತ್ತಿರ ಕರೆದುಕೊಳ್ಳುತ್ತೇನೆ ಎಂದು ಹೋದಳು. ನನ್ನ ಫೋನಿನಲ್ಲಿ ಅಲ್ಲಿಯ ಸಿಮ್ ಇರಲಿಲ್ಲ, ಲಿಲ್ಲಿಯ ಹತ್ತಿರ ಫೋನೇ ಇರಲಿಲ್ಲ. ಮೋಡ ಕವಿದಿತ್ತು, ಸೂರ್ಯನ ಸುಳಿವಿಲ್ಲ. ಭೂಗೋಳದ ಟೀಚರು ಏನು ಮಾಡಿದಳು? ಗುಡ್ಡ ಹುಡುಕಿದಳು. ಮನೆಗಳ ತಲೆಯ ಮೇಲೆ ಒಂದು ಗುಡ್ಡ ಕಾಣುತ್ತಿತ್ತು, ಅದರ ಮೇಲೆ ಶಿಲುಬೆ ಹೊತ್ತ ಬಿಳಿ ಇಗರ್ಜಿ. ಗುಡ್ಡ ಮೂಡಾಯಿ, ಹಾಗಾದರೆ ಇದು ಪಡ್ಡಾಯಿ ಎಂದು ಅದಕ್ಕೆ ಬೆನ್ನು ಹಾಕಿ ನಡೆದೆ. ಸಂಶಯವೇ ಬರಲಿಲ್ಲ ಎಂದಲ್ಲ. ಆ ತುದಿ ದಾಟಿ ಇನ್ನೂ ಸ್ವಲ್ಪ ಮುಂದೆ ಹೋಗಿ ನೋಡಿದೆ, ಅಗಲವಾದ ಹೊಳೆ ಹರಿಯುತ್ತಿತ್ತು. ಗುಡ್ಡ ಅಲ್ಲಿ, ನೀರು ಇಲ್ಲಿ. ಇನ್ನೇನು ಬೇಕು? ಹೆಮ್ಮೆಯಿಂದ ವಾಪಸು ಬಂದು ಮನೆಸಾಲಿನ ಎದುರು ಇದ್ದ ಬೆಂಚಿನಲ್ಲಿ ಕೂತೆ. ಆ ಪಟ್ಟಣದಲ್ಲಿ ಎರಡು ಹೊಳೆಗಳಿವೆ, ಚೌಕದ ಎರಡೂ ಬದಿಗೆ ಒಂದೊಂದು ಎಂಬುದನ್ನು ನಾನೇ ಮಕ್ಕಳಿಗೆ ಪಾಠ ಮಾಡಿದ್ದೆ.

ಎರಡು ಗಂಟೆಯಾಯಿತು, ಮೂರಾಯಿತು. ಮುದುಕಿಯರು ಬಂದರು, ಹೋದರು, ಯಾರೂ ಲಿಲ್ಲಿಯಾಗಲಿಲ್ಲ. ಮೊದಲ ಗಂಟೆ ಸಂಭ್ರಮ, ಎರಡನೆಯ ಗಂಟೆ ಗಾಬರಿ, ಮೂರನೆಯದರಲ್ಲಿ ಬರೀ ಸುಸ್ತು. ಕಾಯುವುದು ಇಷ್ಟು ದಣಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು, ನಮ್ಮಿಬ್ಬರಲ್ಲಿ ಕಾಯುತ್ತಿದ್ದವಳು ಅವಳಲ್ಲವೇ. ಅವಳು ಬೇಕೆಂದೇ ಬರಲಿಲ್ಲವೇನೋ, ನನಗೆ ಅದೇ ಸರಿ ಎಂದೂ ಒಮ್ಮೆ ಅನಿಸಿತು. ಅನಿಸಿದ ಮೇಲೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಾಗದದ ಕರವಸ್ತ್ರ ಕೊಟ್ಟಳು.

ಸಂಜೆಯ ಹೊತ್ತಿಗೆ ಮೋಡ ಸರಿಯಿತು. ನೋಡುತ್ತೇನೆ, ಆ ಗುಡ್ಡದ ತಲೆಯ ಮೇಲೆ ಸೂರ್ಯ. ಇದೇನು, ಈ ಹೊತ್ತಿಗೆ ಸೂರ್ಯ ಹುಟ್ಟುತ್ತಿದ್ದಾನಲ್ಲ ಎಂದು ನಿಜವಾಗಿಯೂ ಅಂದುಕೊಂಡೆ. ಗುಡ್ಡದ ಹಿಂದೆ ಸೂರ್ಯ ಮುಳುಗುವುದನ್ನು ನಾನು ಹುಟ್ಟಿದಂದಿನಿಂದ ಕಂಡವಳಲ್ಲ. ಅವನು ಇನ್ನಷ್ಟು ಕೆಳಗಿಳಿದ ಮೇಲೆ ತಲೆಗೆ ಹೊಳೆಯಿತು. ಎದ್ದೆ. ಆ ಕೆಂಪು ಮಣ್ಣಿನ ಮೇಲೆ, ಈ ಮಂಡಿಯಲ್ಲಿ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಕುದುರೆಯನ್ನು ದಾಟಿ ಆ ಕಡೆಗೆ ನಡೆದೆ. ಅದೇ ಮನೆಸಾಲು, ಅದೇ ಕಿಟಕಿ, ಅಂಥದೇ ಬೆಂಚು. ಬೆಂಚು ಖಾಲಿ. ಐದು ಗಂಟೆಗೆ ಕಾನ್ವೆಂಟಿನಲ್ಲಿರಬೇಕೆಂದು ಅವಳು ಫೋನಿನಲ್ಲೇ ಹೇಳಿದ್ದಳು, ಆಗಲೇ ಐದು ದಾಟಿತ್ತು.

ರಾತ್ರಿಯೂಟಕ್ಕೆ ಮೊದಲೇ ಶ್ವೇತಾಳ ಕೋಣೆಯಿಂದ ಕಾನ್ವೆಂಟಿಗೆ ಫೋನು ಮಾಡಿಸಿದೆ. ಆ ಕಡೆ ಫೋನು ರಿಂಗಾಗುತ್ತಿರುವಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ನಾನು ಹೇಳಬೇಕಾದ ನಿಜ ಎಂಥದ್ದು? ಬಂದಿದ್ದೆ, ಆದರೆ ಬೇರೆ ಕಡೆ ನಿಂತಿದ್ದೆ. ಐವತ್ತು ವರ್ಷದ ಹಿಂದೆ ಬರೆದ ಸುಳ್ಳೂ ಅದೇ ಅಲ್ಲವೇ? ಆ ಸುಳ್ಳನ್ನು ಒಪ್ಪಿಕೊಳ್ಳದೆ ಇದನ್ನು ನಂಬು ಎಂದು ಯಾವ ಬಾಯಲ್ಲಿ ಹೇಳುವುದು?

ಲಿಲ್ಲಿ ಫೋನಿಗೆ ಬಂದಳು. ಧ್ವನಿ ಬಹಳ ದಣಿದಿತ್ತು. ನಾನು ಗುಡ್ಡ, ಹೊಳೆ, ಸೂರ್ಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಮೇಲೆ ಉಳಿದದ್ದನ್ನೂ ಹೇಳಿದೆ.

"ಲಿಲ್ಲಿ, ಇವತ್ತು ನಾನು ಬಂದಿದ್ದೆ. ಅವತ್ತು ಬಂದಿರಲಿಲ್ಲ. ಜೋಡುರಸ್ತೆಗೂ ಬಂದಿರಲಿಲ್ಲ."

"ಗೊತ್ತುಂಟು," ಎಂದಳು. "ಜೋಡುರಸ್ತೆಯಲ್ಲಿ ಬಸ್ಸು ನಿಂತಿತ್ತು. ನಾನು ಇಳಿದು ನೋಡಿದ್ದೆ. ಬಂಡೆಯ ಮೇಲೆ ನಿನ್ನ ಬೆನ್ನು ಕಾಣುತ್ತಿತ್ತು."

ಆ ಬೆನ್ನನ್ನು ನೋಡಿಯೂ ಅವಳು ಹುಷಾರಿಲ್ಲವಾ ಎಂದು ಬರೆದಿದ್ದಳು. ಪರವಾಗಿಲ್ಲ ಎಂದು ಬರೆದಿದ್ದಳು. ಐವತ್ತು ಕ್ರಿಸ್ಮಸ್ಸಿಗೆ ಐವತ್ತು ಕಾರ್ಡು ಕಳಿಸಿದ್ದಳು. ನಾನು ಅತ್ತುಬಿಟ್ಟೆ. ಶ್ವೇತಾ ಬಾಗಿಲು ಮುಂದೆ ಮಾಡಿ ಹೊರಗೆ ಹೋದಳು. ಕೊನೆಗೆ, ಇವತ್ತಿನದ್ದನ್ನಾದರೂ ನಂಬುತ್ತೀಯಾ ಎಂದು ಕೇಳಿದೆ.

"ನಂಬದೆ ಎಂತ ಮಾಡುವುದು? ಭೂಗೋಳದ ಟೀಚರು ಪಡ್ಡಾಯಿ ಗೊತ್ತಾಗಲಿಲ್ಲ ಅಂತ ಸುಳ್ಳಿಗೂ ಹೇಳಲಿಕ್ಕಿಲ್ಲ."

ಮತ್ತೆ ಇಬ್ಬರೂ ನಕ್ಕೆವು. ಅವಳೂ ಮೊದಲ ವರ್ಷವಿಡೀ ಅಲ್ಲಿ ದಿಕ್ಕು ತಪ್ಪಿ ತಿರುಗಿದ್ದಳಂತೆ, ಅದನ್ನು ಮರೆತೇ ಬಿಟ್ಟಿದ್ದಳಂತೆ. ನಾನು ಪಡ್ಡಾಯಿ ಮನೆಯವಳಲ್ಲವೇ, ಅದಕ್ಕೇ ಆ ತುದಿ ಹೇಳಿದ್ದಂತೆ. ಹಾಗೆ ನೋಡಿದರೆ ಅವಳು ಇಡೀ ಮಧ್ಯಾಹ್ನ ನನ್ನ ಮನೆಯ ಬದಿಗೆ ಕೂತಿದ್ದಳು, ನಾನು ಅವಳ ಮನೆಯ ಬದಿಗೆ. ನಡುವೆ ಒಂದು ಕುದುರೆ. ಆ ಊರಿನವರು ಯಾರನ್ನಾದರೂ ಕಾಣಬೇಕಾದರೆ ಕುದುರೆಯ ಬಾಲದ ಅಡಿಗೆ ಬಾ ಎನ್ನುವುದಂತೆ, ಅದು ಚಿಕ್ಕ ಮಕ್ಕಳಿಗೂ ಗೊತ್ತಂತೆ. ನೀನು ಯಾಕೆ ಹಾಗೆ ಹೇಳಲಿಲ್ಲ ಎಂದೆ. ಸಿಸ್ಟರ್ ಆದವಳು ಟೀಚರಿಗೆ ಬಾಲದಡಿ ನಿಲ್ಲು ಅಂತ ಹೇಗೆ ಹೇಳುವುದು, ನಾಚಿಕೆಯಾಯಿತು ಎಂದಳು.

"ಇನ್ನೊಮ್ಮೆ ಬಂದರೆ ಬಾಲದಡಿಗೇ ಬಾ," ಎಂದಳು. "ಮರ್ಯಾದೆ ಹೋದರೆ ಹೋಗಲಿ."

ಬರುತ್ತೇನೆ ಎಂದೆ.

ಅವಳು ಈಗ ಆ ಬೆಟ್ಟದ ಊರಿನಲ್ಲಿದ್ದಾಳೆ. ಹಾಸಿಗೆಯಿಂದ ಏಳುವುದು ಕಡಿಮೆಯಂತೆ. ಭಾನುವಾರಕ್ಕೊಮ್ಮೆ ಅಲ್ಲಿಯ ಒಬ್ಬ ಸಿಸ್ಟರ್ ಫೋನು ಅವಳ ಕಿವಿಗೆ ಹಿಡಿದು ಕೊಡುತ್ತಾಳೆ. ಕೆಲವು ವಾರ ಲಿಲ್ಲಿಗೆ ನನ್ನ ಗುರುತು ಸಿಗುತ್ತದೆ, ಕೆಲವು ವಾರ ಸಿಗುವುದಿಲ್ಲ. ಸಿಗದಿದ್ದಾಗ ನಾನು ಪಡ್ಡಾಯಿ ಮನೆಯವಳು ಎನ್ನುತ್ತೇನೆ. ಅಷ್ಟು ಸಾಕಾಗುತ್ತದೆ. ನನಗಂತೂ ಈಗ ಇಲ್ಲೇ ಪಕ್ಕದ ಬ್ರಹ್ಮಗಿರಿಯ ತನಕ ನಡೆಯುವುದೂ ಕಷ್ಟ. ಇನ್ನೊಮ್ಮೆ ಎಂಬುದು ಇಲ್ಲ, ಅದು ನಮ್ಮಿಬ್ಬರಿಗೂ ಗೊತ್ತುಂಟು.

ಸುಮತಿ ಒರೆಸುವುದು ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಗೆ ಬಂದಳು. ಶೂ ಇನ್ನೂ ಮೆಟ್ಟಿಲ ಮೇಲೆ ಹಾಗೆಯೇ ಇತ್ತು. ಬಿಸಾಡುವುದಾ ಟೀಚರೇ ಎಂದು ಮತ್ತೆ ಕೇಳಿದಳು.

"ಬೇಡ, ಒಳಗೆ ಇಡು. ನನಗೆ ಒಮ್ಮೆ ಬೆಲ್ಕೂರಿಗೆ ಹೋಗಲಿಕ್ಕುಂಟು."

ವಿಮಾನ, ಫ್ರಾನ್ಸು ಎಂದು ನಾನು ಹೇಳಿದ್ದೆಲ್ಲ ಅವಳ ತಲೆಯಲ್ಲಿ ಉಳಿದಿರಲಿಲ್ಲ. ಬೆಳ್ಮಣ್ಣಿನಲ್ಲಿ ಇಳಿದು ಆಟೋ ಮಾಡಿ, ಈ ಕಾಲಿನಲ್ಲಿ ನಡೆಯಬೇಡಿ ಎಂದಳು. ಈ ಸಲ ನಾನು ತಿದ್ದಲಿಲ್ಲ. ಆಯಿತು, ಆಟೋ ಮಾಡುತ್ತೇನೆ ಎಂದೆ.